ನಾನು ಜಯಳ ಮ್ಯಾನೇಜರ್ ಆದದ್ದು, ಚಂದ್ರಣ್ಣ ಗೋಡೆ ಏರಿದ್ದು

ಮುತ್ತೈದೆಯರನ್ನು ಹೊಂದಿಸಲು ಬಲ್ಲವಳಿಗೆ ನಟಿಯನ್ನು ಹೊಂದಿಸುವುದು ಯಾವ ದೊಡ್ಡ ವಿಷಯ ಎಂದುಕೊಂಡೇ ನಾನು ಈ ಕಸುಬಿಗೆ ಇಳಿದದ್ದು. ಭದ್ರಾವತಿ ನ್ಯೂ ಟೌನಿನಲ್ಲಿ ಯಾರ ಮನೆಯಲ್ಲಿ ಸೀಮಂತವಾಗಲಿ, ಗೃಹಪ್ರವೇಶವಾಗಲಿ, ಮುತ್ತೈದೆಯರು ಬೇಕೆಂದರೆ ಮೊದಲು ನನ್ನ ಬಾಗಿಲು ತಟ್ಟುತ್ತಾರೆ. ಯಾರು ಊರಿನಲ್ಲಿದ್ದಾರೆ, ಯಾರಿಗೆ ಸೂತಕ, ಯಾರಿಗೆ ಯಾರ ಜೊತೆ ಮಾತಿಲ್ಲ, ಎಲ್ಲ ನನ್ನ ತಲೆಯಲ್ಲಿದೆ. ನಾನು ಗಂಡ ಸತ್ತವಳು. ನನ್ನನ್ನು ಆ ಮಣೆಯ ಮೇಲೆ ಕೂರಿಸುವುದಿಲ್ಲ. ಹಾಗಾಗಿ ಕರೆಯುವ ಕೆಲಸ ನನ್ನದು, ಕೂರುವ ಕೆಲಸ ಅವರದು. ಇದರಲ್ಲಿ ನನಗೆ ಬೇಸರವಿಲ್ಲ. ಕೂತವರಿಗೆ ಕಾಲು ಜೋಮು ಹಿಡಿಯುತ್ತದೆ.

ಈ ಕೆಲಸಕ್ಕೆ ಒಂದು ಕ್ರಮವಿದೆ. ಕರೆಯುವಾಗ ಪೂರ್ತಿ ವಿಷಯ ಹೇಳಬಾರದು. "ಬಾರೇ, ಹೋಳಿಗೆ ಊಟ ಇದೆ" ಎನ್ನಬೇಕು, ಅಷ್ಟೆ. ಪಕ್ಕದ ಮಣೆಯಲ್ಲಿ ಅವಳಿಗೆ ಆಗದ ವಾರಗಿತ್ತಿ ಕೂರುತ್ತಾಳೆ ಎಂಬುದು ಅವಳು ಕೂತ ಮೇಲೆ ಗೊತ್ತಾದರೆ ಸಾಕು. ಕುಂಕುಮ ಹಚ್ಚಿಸಿಕೊಂಡವಳು ಎದ್ದು ಹೋಗುವುದಿಲ್ಲ. ನಾನು ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಇದನ್ನು ಅಲ್ಲಿ ಕಲಿಸಿರಲಿಲ್ಲ, ನಾನೇ ಕಂಡುಕೊಂಡದ್ದು. ಎಂದೂ ಕೈಕೊಟ್ಟಿರಲಿಲ್ಲ.

ಹೀಗಿರುವಾಗ ಶಿವಮೊಗ್ಗದಲ್ಲಿ ಒಂದು ಟಿವಿ ಸೀರಿಯಲ್‌ನವರು ಶೂಟಿಂಗ್‌ಗೆ ಬಂದಿಳಿದರು. ಮದುವೆ ಸೀನಿಗೆ ಹೆಂಗಸರು ಬೇಕಾಗಿತ್ತು. ಅವರು ಬಾಡಿಗೆಗೆ ಹಿಡಿದ ಮನೆಯ ಗೃಹಪ್ರವೇಶಕ್ಕೆ ಮುತ್ತೈದೆಯರನ್ನು ಕಳಿಸಿದವಳು ನಾನೇ. ಮನೆಯವರು ನನ್ನ ಹೆಸರು ಹೇಳಿದರಂತೆ. ಕಿರಣ್ ಎಂಬ ಹುಡುಗ ಫೋನ್ ಮಾಡಿದ. ಸೀರಿಯಲ್‌ಗೆ ಜನ, ಜಾಗ, ಊಟ, ತಿಂಡಿ ಎಲ್ಲ ಹೊಂದಿಸುವ ಮ್ಯಾನೇಜರ್ ಅವನು. ಅಂದರೆ ನನ್ನ ಕಸುಬಿನವನೇ. ನಾನು ಒಂದು ಬಸ್ಸು ತುಂಬ ಹೆಂಗಸರನ್ನು ಕರೆದುಕೊಂಡು ಹೋದೆ.

ನಮ್ಮ ಹೆಂಗಸರಿಗೆ ಮದುವೆ ಗೊತ್ತು, ಶೂಟಿಂಗ್ ಗೊತ್ತಿಲ್ಲ. ತಾಳಿ ಕಟ್ಟಿದ ಕೂಡಲೇ ಎಲ್ಲರೂ ಎದ್ದು ಊಟದ ಕಡೆ ನಡೆದರು. ತಡೆದು ಕೂರಿಸಿದರೆ, ಇನ್ನೊಂದು ಸಲ ಅಕ್ಷತೆ ಹಾಕುವುದಿಲ್ಲ ಎಂದು ಹಟ ಹಿಡಿದರು. ಒಂದೇ ಮದುವೆಗೆ ಎರಡು ಸಲ ಅಕ್ಷತೆ ಹಾಕಿದರೆ ಆ ಮಕ್ಕಳ ಗತಿಯೇನು ಎಂಬುದು ಅವರ ವಾದ. ಆ ಹುಡುಗ ಹುಡುಗಿಗೆ ನಿಜವಾಗಿ ಮದುವೆಯೇ ಆಗಿಲ್ಲ ಎಂದು ಕಿರಣ್ ತಿಳಿಸಿ ಹೇಳಿದ. ಹಾಗಾದರೆ ಕೈ ಕೈ ಹಿಡಿದುಕೊಂಡು ಕೂತಿದ್ದು ಯಾಕೆ ಎಂದು ಅವರು ಕೇಳಿದರು.

ಆ ಗಲಾಟೆಯಲ್ಲಿ ಒಬ್ಬಳು ಮಾತ್ರ ಡೈರೆಕ್ಟರ್ ಕಣ್ಣಿಗೆ ಬಿದ್ದಳು. ನಮ್ಮ ಪಕ್ಕದ ಮನೆಯ ಜಯ. ಮದುಮಗಳನ್ನು ಕಳಿಸಿಕೊಡುವ ಸೀನಿನಲ್ಲಿ ಎಲ್ಲರೂ ಸೆರಗು ಬಾಯಿಗೆ ಇಟ್ಟುಕೊಂಡು ಕ್ಯಾಮೆರಾ ನೋಡುತ್ತಿದ್ದರೆ, ಜಯ ಆ ಹುಡುಗಿಯ ಗಲ್ಲ ಸವರಿ, "ಹೋಗಿ ಬಾ ಮಗಳೇ, ಅಲ್ಲಿ ನೀನು ಮಾತಾಡಿದ್ರೆ ಯಾರಾದ್ರೂ ಕೇಳ್ಲಿ" ಎಂದು ಅತ್ತುಬಿಟ್ಟಳು. ಯಾರೂ ಹೇಳಿಕೊಟ್ಟಿರಲಿಲ್ಲ. ಮದುಮಗಳೂ ಅತ್ತಳು. ಅವಳ ಮೇಕಪ್ ಹಾಳಾಯಿತು.

ಡೈರೆಕ್ಟರ್ ಎದ್ದು ಬಂದ. ಮೊಮ್ಮಗನ ವಯಸ್ಸಿನವನು.

"ಆ ಹಸಿರು ಸೀರೆಯವರು ಬೇಕು. ಹೀರೋ ತಾಯಿ ಪಾತ್ರಕ್ಕೆ. ಅವರ ಡೇಟ್ಸ್ ಯಾರು ನೋಡ್ಕೊಳ್ತಾರೆ?"

ಡೇಟ್ಸ್ ಎಂದರೆ ಶೂಟಿಂಗಿಗೆ ಬಿಡುವಿರುವ ದಿನಗಳೆಂದು ನನಗೆ ಆಗ ಗೊತ್ತಿರಲಿಲ್ಲ. ಆದರೂ "ನಾನೇ" ಎಂದೆ.

ಕಿರಣ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀವು ಅವರ ಮ್ಯಾನೇಜರಾ ಅಮ್ಮ?"

"ಹೌದಪ್ಪ. ಅವಳ ಬಗ್ಗೆ ಏನೇ ಇದ್ರೂ ನನ್ನ ಹತ್ರ ಮಾತಾಡು."

ಹೀಗೆ ಕಲಾವಿದೆಯೊಬ್ಬಳ ಸಮಸ್ತ ವ್ಯವಹಾರದ ಹೊಣೆಯನ್ನು ನಾನು ಹೊತ್ತುಕೊಂಡೆ. ಕಲಾವಿದೆಗೆ ಇದು ತಿಳಿದದ್ದು ವಾಪಸು ಬರುವ ಬಸ್ಸಿನಲ್ಲಿ.

ಜಯ ಕಿಟಕಿಯಿಂದ ನನ್ನ ಕಡೆ ತಿರುಗಿದಳು. ಆಮೇಲೆ, "ಸರೋಜಕ್ಕ, ಹೈಸ್ಕೂಲಲ್ಲಿ ನಾಟಕಕ್ಕೆ ಸೇರಿದ್ದೆ. ಮಾತೆಲ್ಲ ಬಾಯಿಪಾಠ ಆಗಿತ್ತು. ನಮ್ಮಪ್ಪ ಹಿಂದಿನ ದಿನ ಬಂದು ಕೈ ಹಿಡಿದು ಎಳ್ಕೊಂಡು ಹೋದ್ರು. ಈ ಸಲ ಹಂಗಾಗ್ಬಾರ್ದು. ಒಂದೇ ಒಂದು ಸಲ, ನಾನು ಮಾತಾಡೋವಾಗ ಎಲ್ಲ ಬಾಯಿ ಮುಚ್ಕೊಂಡು ಕೇಳ್ಬೇಕು. ಆಮೇಲೆ ಇದ್ದೇ ಇದೆಯಲ್ಲ ಸಾರು ಪಲ್ಯ" ಎಂದಳು.

"ನಾನಿದ್ದೀನಲ್ಲ" ಎಂದೆ. ಈಗ ನೆನೆಸಿಕೊಂಡರೆ ಅವಳು ಹೆದರಬೇಕಾಗಿದ್ದದ್ದು ಆ ಮಾತಿಗೆ.

ಜಯಳ ಗಂಡ ಚಂದ್ರಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವನು. ರಿಟೈರ್ ಆದ ಮೇಲೆ ಟಿವಿಯ ಮುಂದಿನ ಕುರ್ಚಿಗೆ ಡ್ಯೂಟಿ ಹಾಕಿಸಿಕೊಂಡವನು. ಜಯ ಮಾತು ತೆಗೆದರೆ ರಿಮೋಟಿನಲ್ಲಿ ಸೌಂಡ್ ಜಾಸ್ತಿ ಮಾಡುತ್ತಾನೆ. ನಮ್ಮ ಎರಡು ಮನೆಗೂ ನಡುವೆ ಒಂದೇ ಗೋಡೆ. ನನಗೆ ಎಲ್ಲ ಕೇಳಿಸುತ್ತದೆ.

"ಈ ವಯಸ್ಸಲ್ಲಿ ಇವಳಿಗೆ ಯಾಕೆ ಬೇಕು ಬಣ್ಣ ಹಚ್ಚೋ ಕೆಲ್ಸ?" ಎಂದ.

"ಹೀರೋ ತಾಯಿ ಕಣೋ ಚಂದ್ರಣ್ಣ. ಗೌರವಸ್ಥರ ಪಾತ್ರ. ದೇವರ ಮನೆ, ಅಡುಗೆ ಮನೆ, ಇಷ್ಟರಲ್ಲೇ ಓಡಾಡೋದು."

"ಕುಣಿಯೋದಿಲ್ವಾ?"

"ಮಂಡಿ ನೋವು ಅಂತ ಹೇಳಿದ್ದೀನಿ."

ಒಪ್ಪಿದ.

ಎರಡು ದಿನ ಕಳೆದು ಕಿರಣ್ ಫೋನ್ ಮಾಡಿದ. ಕಥೆ ಹೇಳಿದ. ಹೀರೋ ತಂದೆ ಸತ್ತುಹೋಗುತ್ತಾನೆ. ತಾಯಿಯ ಬಳೆ ಒಡೆಯುತ್ತಾರೆ, ಕುಂಕುಮ ಅಳಿಸುತ್ತಾರೆ, ಅವಳು ಗಂಡನ ಫೋಟೋ ಮುಂದೆ ಕೂತು ಅಳುತ್ತಾಳೆ. ಅದೇ ಅವಳ ದೊಡ್ಡ ಸೀನ್.

"ನಿಮ್ಮ ಆರ್ಟಿಸ್ಟ್‌ಗೆ ಇದರಲ್ಲಿ ಏನಾದ್ರೂ ತೊಂದ್ರೆ ಇದೆಯಾ ಅಮ್ಮ? ಕೆಲವರು ಕುಂಕುಮ ಅಳಿಸ್ಕೊಳ್ಳೋಕೆ ಒಪ್ಪಲ್ಲ. ಮೊದಲೇ ಕೇಳಿಬಿಡಿ."

ಕೇಳಿಬಿಡಬೇಕಾಗಿತ್ತು. ಆದರೆ ನನ್ನ ಕ್ರಮ ನನಗಿದೆಯಲ್ಲ. ಗಂಡ ಗಟ್ಟಿಯಾಗಿರುವವಳಿಗೆ ಮನೆಯಲ್ಲಿ ಕೂರಿಸಿ ಇಂಥ ವಿಷಯ ಹೇಳಿದರೆ ಒಪ್ಪುವುದಿಲ್ಲ. ಮುಖಕ್ಕೆ ಬಣ್ಣ ಹಚ್ಚಿ, ದೀಪದ ಮುಂದೆ ಕೂರಿಸಿ ಹೇಳಿದರೆ ಎದ್ದು ಹೋಗುವುದಿಲ್ಲ.

"ಏನೂ ತೊಂದ್ರೆ ಇಲ್ಲ" ಎಂದೆ.

"ಸತ್ತವನ ಪಾತ್ರಕ್ಕೆ ಆರ್ಟಿಸ್ಟ್ ಇಲ್ಲಮ್ಮ, ಬರೀ ಫೋಟೋ ಸಾಕು. ಯಾರಾದ್ರೂ ವಯಸ್ಸಾದವರ ಫೋಟೋ ಇದ್ರೆ ತರ್ತೀರಾ? ಅವರ ಒಪ್ಪಿಗೆ ಕೇಳಿ ತನ್ನಿ ಮತ್ತೆ."

ನನ್ನ ಗಂಡನದೇ ಫೋಟೋ ಇತ್ತು. ಹಾರ ಕೂಡ ಹಾಕಿಯೇ ಇತ್ತು. ಆದರೆ ಅದನ್ನು ಗೋಡೆಯಿಂದ ತೆಗೆದರೆ ಸುಣ್ಣ ಕಿತ್ತು ಬರುತ್ತದೆ. ಮುಖವೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ, ಬದುಕಿದ್ದಾಗಲೂ ಹಾಗೇ. ಚಂದ್ರಣ್ಣನ ಮನೆಯಲ್ಲಿ ಮಾತ್ರ ಒಳ್ಳೆಯ ದೊಡ್ಡ ಫೋಟೋ ಇತ್ತು. ರಿಟೈರ್ ಆದ ದಿನ ಪೇಟ ತೊಡಿಸಿ ತೆಗೆದದ್ದು. ಹೆಂಡತಿ ಅಳುವುದೂ ಸ್ವಂತ ಗಂಡನ ಮುಂದೆಯೇ ಆದರೆ ಸಲೀಸು ಎಂದು ನನ್ನ ಲೆಕ್ಕಾಚಾರ.

"ಚಂದ್ರಣ್ಣ, ಜಯ ಮಾಡೋ ಪಾತ್ರದ ಗಂಡನ ಫೋಟೋ ಮನೆ ಗೋಡೆ ಮೇಲೆ ಇರ್ಬೇಕಂತೆ. ನಿನ್ನದೇ ಕೊಡ್ತೀಯಾ?"

ಅವನು ಟಿವಿ ಆರಿಸಿದ. ಅವನ ಟಿವಿ ಹಗಲು ಹೊತ್ತು ಆರಿದ್ದನ್ನು ನಾನು ನೋಡಿದ್ದು ಅಂದೇ.

"ಎಷ್ಟು ಹೊತ್ತು ತೋರಿಸ್ತಾರೆ?"

"ತುಂಬಾ ಹೊತ್ತು ತೋರಿಸ್ತಾರೆ."

"ಹತ್ತಿರದಿಂದಾನಾ?"

"ದೀಪ ಹಚ್ಚಿ ತೋರಿಸ್ತಾರೆ."

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ ಎಂಬುದನ್ನು ಓದುವವರು ಗಮನಿಸಬೇಕು. ಅವನು ಫ್ರೇಮಿನ ಗಾಜನ್ನು ತಾನೇ ಒರೆಸಿ, ಹಳೇ ಟವೆಲ್ಲಿನಲ್ಲಿ ಸುತ್ತಿ ಕೊಟ್ಟ. ಸಂಜೆಯ ಹೊತ್ತಿಗೆ ಅವನು ಟಿವಿಯಲ್ಲಿ ಬರುತ್ತಾನೆಂದು ಬೀದಿಗೆಲ್ಲ ಗೊತ್ತಾಗಿತ್ತು. ಜಯ ಬರುವುದು ಅರ್ಧ ಬೀದಿಗೆ ಮಾತ್ರ ಗೊತ್ತಿತ್ತು.

ಶೂಟಿಂಗ್ ದಿನ ಬೆಳಿಗ್ಗೆ ನಾನೂ ಜಯಳೂ ಮೊದಲ ಬಸ್ಸಿಗೆ ಶಿವಮೊಗ್ಗ ತಲುಪಿದೆವು. ಅವಳು ಮಹಡಿಯ ಮೇಲೆ ಮೇಕಪ್‌ಗೆ ಹೋದಳು. ಕೆಳಗೆ ಫೋಟೋವನ್ನು ಗೋಡೆಗೆ ಹಾಕಿ, ಗಂಧದ ಹಾರ ತೊಡಿಸಿ, ದೀಪ ಹಚ್ಚಿ, ಹೀರೋ ಬಂದು ಕೈಮುಗಿದು "ಅಪ್ಪಾ" ಎನ್ನುವುದನ್ನು ತೆಗೆದು ಮುಗಿಸಿದರು. ಚಂದ್ರಣ್ಣ ಫೋಟೋದಲ್ಲಿ ಬಹಳ ಗಂಭೀರವಾಗಿದ್ದ. ನನಗೆ ಸಂತೋಷವಾಯಿತು.

ಮೇಲೆ ಹೋದರೆ ಜಯ ಕನ್ನಡಿಯ ಮುಂದೆ ಕೂತು, ನಾನು ಅರ್ಧ ಮಾತ್ರ ಹೇಳಿಕೊಟ್ಟಿದ್ದ "ಇನ್ನು ನಾನು ಯಾರ ಹತ್ರ ಮಾತಾಡ್ಲಿ" ಎಂಬ ಮಾತು ಒಪ್ಪಿಸುತ್ತಿದ್ದಳು. ಕೈಗೆ ಅವರು ಕೊಟ್ಟ ಹಸಿರು ಬಳೆ ಹಾಕಿದ್ದರು. ಪಕ್ಕದಲ್ಲಿ ಒಂದು ಮಾಸಲು ಸೀರೆ ಮಡಚಿ ಇಟ್ಟಿದ್ದರು.

"ಇದೇನು ಸರೋಜಕ್ಕ, ಸೀರೆ ಇಷ್ಟು ಸಪ್ಪೆ?"

"ಲೈಟ್ ಬಿದ್ರೆ ಎದ್ದು ಕಾಣುತ್ತೆ, ಮಾರಾಯ್ತಿ. ಸುಮ್ನಿರು."

ಅಷ್ಟರಲ್ಲಿ ಕೆಳಗೆ ಗದ್ದಲವಾಯಿತು. ನಾನು ಮೆಟ್ಟಿಲಿಳಿದು ಬಂದೆ. ಚಂದ್ರಣ್ಣ ಇಸ್ತ್ರಿ ಶರ್ಟು ಹಾಕಿಕೊಂಡು, ಕಾರ್ಖಾನೆಯ ಸ್ನೇಹಿತ ಮುರುಗೇಶನನ್ನೂ ಕರೆದುಕೊಂಡು, ತನ್ನ ಫೋಟೋ ತೋರಿಸಲು ಬಂದಿದ್ದ.

ಇಬ್ಬರೂ ಗೋಡೆಯ ಮುಂದೆ ನಿಂತಿದ್ದರು. ಊದುಬತ್ತಿ ಇನ್ನೂ ಉರಿಯುತ್ತಿತ್ತು.

ಮುರುಗೇಶ ಚಪ್ಪಲಿ ಬಿಟ್ಟ. "ಏನ್ ಚಂದ್ರಣ್ಣ, ಯಾವಾಗ ಹೋದೆ? ಒಂದು ಮಾತು ಹೇಳ್ಬಾರ್ದಾ? ರಜಾ ಹಾಕಿ ಬರ್ತಿದ್ದೆ."

"ರಿಟೈರ್ ಆಗಿರೋನಿಗೆ ಯಾವ ರಜಾನೋ" ಎಂದ ಚಂದ್ರಣ್ಣ. ಆಮೇಲೆ ಅವನಿಗೆ ಪೂರ್ತಿ ಅರ್ಥವಾಯಿತು. ನನ್ನ ಕಡೆ ತಿರುಗಿದ. "ಸರೋಜಕ್ಕ, ಇದೇನಿದು?"

"ದೀಪ ಹಚ್ಚಿ ತೋರಿಸ್ತಾರೆ ಅಂದಿದ್ನಲ್ಲ."

"ನಿಮ್ಮ ಯಜಮಾನ್ರ ಫೋಟೋ ಇರ್ಲಿಲ್ವಾ? ಅವರು ಹೆಂಗೂ ಸತ್ತಿದ್ದಾರೆ."

ಸುಣ್ಣದ ವಿಷಯ ಹೇಳಿದೆ. ಅವನಿಗೆ ಸಮಾಧಾನವಾಗಲಿಲ್ಲ.

ಗಲಾಟೆ ಕೇಳಿ ಜಯ ಕೆಳಗೆ ಬಂದಳು. ಅದೇ ಹೊತ್ತಿಗೆ ಡೈರೆಕ್ಟರ್ ಅವಳಿಗೆ ಸೀನ್ ವಿವರಿಸಲು ಶುರುಮಾಡಿದ. ಆ ಹುಡುಗನ ತಪ್ಪೇನೂ ಇಲ್ಲ. ಅವಳಿಗೆ ಎಲ್ಲ ಗೊತ್ತಿದೆ ಎಂದುಕೊಂಡಿದ್ದ. "ಅಮ್ಮ, ಮೊದಲು ಬಳೆ ಒಡೀತಾರೆ, ಆಮೇಲೆ ಕುಂಕುಮ ಅಳಿಸ್ತಾರೆ, ನೀವು ಅಲ್ಲಾಡ್ಬಾರ್ದು" ಎಂದ.

ಜಯ ಆಗಲೇ ಅಲ್ಲಾಡುವುದನ್ನು ನಿಲ್ಲಿಸಿದ್ದಳು. ಗೋಡೆ ನೋಡಿದಳು. ಗೋಡೆಯ ಕೆಳಗೆ ನಿಂತಿದ್ದ ಗಂಡನನ್ನು ನೋಡಿದಳು. ನನ್ನನ್ನು ನೋಡಿದಳು.

"ನಿಮಗೆ ಗೊತ್ತಿತ್ತಾ?"

"ಮೇಕಪ್ ಆದ ಮೇಲೆ ಹೇಳೋಣ ಅಂತಿದ್ದೆ."

"ನಡಿ ಮನೆಗೆ" ಎಂದ ಚಂದ್ರಣ್ಣ. ಅವಳ ಕೈ ಹಿಡಿದ.

ನಾನು ಜಯಳ ಮುಖ ನೋಡಿದೆ. ಹೈಸ್ಕೂಲಿನಲ್ಲಿ ಅಪ್ಪ ಎಳೆದುಕೊಂಡು ಹೋಗುವಾಗಲೂ ಹುಡುಗಿಯ ಮುಖ ಹೀಗೇ ಇದ್ದಿರಬೇಕು. ಆಗ ಅವಳಿಗೆ ಮ್ಯಾನೇಜರ್ ಇರಲಿಲ್ಲ. ಈಗ ಇದ್ದಳು, ಇದ್ದು ಅಪ್ಪನ ಕೆಲಸವನ್ನೇ ಮಾಡಿದ್ದಳು.

ಸರಿಪಡಿಸೋಣವೆಂದು ಹೊರಟೆ. ಫೋಟೋ ಬದಲಾಯಿಸಿ ಎಂದೆ. ಬೆಳಿಗ್ಗೆ ಮಗ ಕೈಮುಗಿದದ್ದು ಒಬ್ಬ ಅಪ್ಪನಿಗೆ, ಮಧ್ಯಾಹ್ನ ತಾಯಿ ಅಳುವುದು ಇನ್ನೊಬ್ಬ ಗಂಡನಿಗೆ ಆಗಿಬಿಡುತ್ತದೆ ಎಂದ ಕಿರಣ್. ಕುಂಕುಮ ಅಳಿಸುವುದನ್ನು ಹಿಂದಿನಿಂದ ತೆಗೆಯಿರಿ ಎಂದೆ. ಹಣೆ ಮುಂದೆ ಇರುತ್ತದೆ ಎಂದ ಡೈರೆಕ್ಟರ್. ಗಂಡ ಸಾಯದೆ ಬರೀ ಆಸ್ಪತ್ರೆಯಲ್ಲಿ ಇದ್ದರೆ ಆಗದೇ ಎಂದು ಕೇಳಿದೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಸಂಜೆಯೊಳಗೆ ಸೀನ್ ಮುಗಿಸಲೇಬೇಕಾಗಿತ್ತು. ಇವರು ಒಪ್ಪದಿದ್ದರೆ ಪಾತ್ರಕ್ಕೆ ಬೇರೆ ಯಾರನ್ನಾದರೂ ನೋಡಬೇಕಾಗುತ್ತದೆ ಎಂದ.

ಹಾಗೆನ್ನುತ್ತಾ ಅವನ ಕಣ್ಣು ನನ್ನ ಹಣೆಯ ಮೇಲೆ ಬಿತ್ತು. ಖಾಲಿ ಹಣೆ.

"ಅಜ್ಜಿ, ನೀವೇ ಯಾಕೆ ಮಾಡ್ಬಾರ್ದು?"

ನಾನು ಅವಳ ಪರವಾಗಿ ಮಾತಾಡಬೇಕಾದವಳು. ಅವಳ ಪಾತ್ರ ಉಳಿಸಬೇಕಾದವಳು. ಜಗತ್ತಿನ ಯಾವ ಮ್ಯಾನೇಜರೂ ಮಾಡಬಾರದ ಕೆಲಸವೊಂದಿದ್ದರೆ ಅದು ಇದೇ. "ಆಗಲಿ" ಎಂದೆ. ಬಾಯಿಗೆ ಅದು ಅಭ್ಯಾಸವಾಗಿಹೋಗಿತ್ತು.

ಮಾಸಲು ಸೀರೆ ಉಡಿಸಿ ನನ್ನನ್ನು ಚಂದ್ರಣ್ಣನ ಫೋಟೋದ ಮುಂದೆ ಕೂರಿಸಿದರು. ನಿಜವಾದ ಚಂದ್ರಣ್ಣ ಕ್ಯಾಮೆರಾದ ಪಕ್ಕದಲ್ಲಿ ನಿಂತು ನನ್ನನ್ನು ದುರುಗುಟ್ಟಿ ನೋಡುತ್ತಿದ್ದ. ಲೈಟ್ ಬಿತ್ತು. "ನನ್ನ ಬಿಟ್ಟು ಹೋದ್ರಲ್ಲಾ, ಇನ್ನು ನಾನು ಯಾರ ಹತ್ರ ಮಾತಾಡ್ಲಿ" ಎನ್ನಬೇಕಾಗಿತ್ತು. ಎಂದೆ.

"ಅಜ್ಜಿ, ರೇಷನ್ ಅಂಗಡಿಯಲ್ಲಿ ಸಕ್ಕರೆ ಬಂತಾ ಅಂತ ಕೇಳಿದ ಹಾಗಿದೆ. ನಿಮ್ಮ ಗಂಡ ತೀರಿಕೊಂಡಿದ್ದಾರೆ."

"ಗೊತ್ತಪ್ಪ. ಬಹಳ ವರ್ಷ ಆಯ್ತು."

"ದುಃಖ ಬರ್ಬೇಕು."

"ಬಂದಿತ್ತು. ಹೋಯ್ತು."

"ಅವತ್ತು ಹೇಗೆ ಅತ್ರಿ, ಅದನ್ನೇ ನೆನಪು ಮಾಡ್ಕೊಳ್ಳಿ."

"ಅವತ್ತು ಮನೆ ತುಂಬ ನೆಂಟರಿದ್ರು. ಹಾಲು ಸಾಲ್ತಿರ್ಲಿಲ್ಲ. ಅಳೋಕೆ ಎಲ್ಲಿ ಪುರುಸೊತ್ತು?"

ನೀರು ಬರಲೆಂದು ಕಣ್ಣಿಗೆ ಗ್ಲಿಸರಿನ್ ಹಾಕಿದರು. ಉರಿ ಕಿತ್ತುಕೊಂಡು ಬಂತು. ಕ್ಯಾಮೆರಾ ಓಡುತ್ತಿತ್ತು. ಆಗ ನನ್ನ ಬಾಯಿಂದ ಹೊರಟ ಮಾತುಗಳು ಪತಿಯನ್ನು ಕಳೆದುಕೊಂಡ ಸಾಧ್ವಿಯ ಮಾತುಗಳಾಗಿರಲಿಲ್ಲ. ಗ್ಲಿಸರಿನ್ ಹಾಕಿದ ಹುಡುಗನ ತಾಯಿಗೆ ಸಂಬಂಧಪಟ್ಟವು. ಮುರುಗೇಶ ನಗು ತಡೆಯಲಾರದೆ ಹೊರಗೆ ಓಡಿದ.

"ಏಳಿ ಸರೋಜಕ್ಕ."

ಜಯ ನನ್ನ ಹಿಂದೆ ಬಂದು ನಿಂತಿದ್ದಳು. ಗಂಡನ ಕೈ ಬಿಡಿಸಿಕೊಂಡು ಬಂದಿದ್ದಳು.

"ಏಳಿ. ಹಂಗಲ್ಲ ಅದು." ನಂತರ ಡೈರೆಕ್ಟರ್ ಕಡೆ ತಿರುಗಿದಳು. "ಬಳೆ ನಿಮ್ಮದು, ಒಡೀರಿ. ನನ್ನ ತಾಳಿ ರವಿಕೆ ಒಳಗೆ ಇರುತ್ತೆ, ಕಾಲುಂಗುರ ಸೀರೆ ನೆರಿಗೆ ಕೆಳಗೆ. ಅವನ್ನು ಮುಟ್ಟೋ ಹಾಗಿಲ್ಲ. ನನ್ನ ಕುಂಕುಮ ಬೈತಲೆಯಲ್ಲಿ ಇರುತ್ತೆ, ಮೇಲೆ ಸೆರಗು ಹೊದ್ಕೊಳ್ತೀನಿ. ಹಣೆಗೆ ನಿಮ್ಮ ಮೇಕಪ್ ಡಬ್ಬಿಯ ಬಣ್ಣದಲ್ಲಿ ಬೊಟ್ಟಿಡಿ. ನೀವಿಟ್ಟ ಬೊಟ್ಟು, ನೀವೇ ಅಳಿಸಿಕೊಳ್ಳಿ. ಆಗುತ್ತಾ?"

"ಆಗುತ್ತೆ ಅಮ್ಮ" ಎಂದ ಡೈರೆಕ್ಟರ್. ಅವನ ದನಿಯಲ್ಲಿ ಜೀವ ಬಂತು.

ಇದನ್ನು ಮನೆಯಲ್ಲೇ ಕೇಳಿದ್ದರೆ ಮನೆಯಲ್ಲೇ ಹೇಳುತ್ತಿದ್ದಳು, ಹುರುಳಿಕಾಯಿ ಸೋಸುತ್ತಾ.

ಉಳಿದದ್ದು ಚಂದ್ರಣ್ಣ.

"ಜಯ, ನಾನಿನ್ನೂ ಇದ್ದೀನಲ್ಲೇ" ಎಂದ. ಈ ಸಲ ಅವನ ಮಾತು ಮೆತ್ತಗಿತ್ತು.

"ಇದ್ದೀರಿ ಕಣ್ರೀ. ಯಾರು ಇಲ್ಲ ಅಂದ್ರು? ಇದ್ದು ನಾನು ಬಾಯಿ ತೆರೆದ್ರೆ ಟಿವಿ ಸೌಂಡ್ ಜಾಸ್ತಿ ಮಾಡ್ತೀರಿ. ಇವತ್ತೊಂದು ದಿನ ಸತ್ತು ಸುಮ್ನಿರಿ. ನಾನು ಮಾತಾಡ್ತೀನಿ."

ಚಂದ್ರಣ್ಣ ಹೋಗಿ ಗೋಡೆಯ ಬದಿಯ ಸ್ಟೂಲಿನ ಮೇಲೆ ಕೂತ.

ಬಳೆ ಒಡೆದರು. ಬೊಟ್ಟು ಅಳಿಸಿದರು. ನಾನು ಬಿಚ್ಚಿಕೊಟ್ಟ ಮಾಸಲು ಸೀರೆ ಉಟ್ಟು ಜಯ ಫೋಟೋದ ಮುಂದೆ ಕೂತಳು. ಬರೆದುಕೊಟ್ಟ ಮಾತು ಹೇಳಿದಳು, ಅಲ್ಲಿಗೆ ನಿಲ್ಲಿಸಲಿಲ್ಲ.

"ಇದ್ದಾಗಂತೂ ಕೇಳ್ಲಿಲ್ಲ. ಈಗ ಎದ್ದು ಹೋಗೋಕಾಗಲ್ಲವಲ್ಲ, ಕೇಳಿ. ಬಚ್ಚಲ ನಲ್ಲಿ ಸೋರ್ತಿದೆ ಅಂತ ಎಷ್ಟು ಸಲ ಹೇಳಿದ್ದೆ? ಲೋಕದ ಮೆಷಿನೆಲ್ಲ ರಿಪೇರಿ ಮಾಡಿ ಬಂದ್ರಿ, ಅದೊಂದು ಹಂಗೇ ಇದೆ. ಮಗ್ಗುಲಲ್ಲಿ ಮಲ್ಕೊಂಡು ಅದರ ಸದ್ದೇ ಕೇಳ್ತಿದ್ದೆ. ನೀವು ಮಾತಾಡ್ತಿರ್ಲಿಲ್ಲ, ಅದು ಮಾತಾಡ್ತಿತ್ತು. ಇನ್ನು ಮೇಲೂ ಅದೇ ಮಾತಾಡ್ಬೇಕೇನೋ."

ಅಷ್ಟು ಹೇಳಿ ಅತ್ತಳು. ಜೋರಾಗಿ ಅಲ್ಲ. ಗ್ಲಿಸರಿನ್ ಬೇಕಾಗಲಿಲ್ಲ. ಡೈರೆಕ್ಟರ್ ಕಟ್ ಎನ್ನಲು ಮರೆತ. ಹೀರೋ ಮೊಬೈಲ್ ಜೇಬಿಗೆ ಹಾಕಿದ. ಆ ಮನೆಯಲ್ಲಿ ಅಷ್ಟು ಜನರಿದ್ದೂ ಜಯಳ ದನಿಯೊಂದೇ ಕೇಳಿಸುತ್ತಿತ್ತು. ಚಂದ್ರಣ್ಣ ಸ್ಟೂಲಿನ ಮೇಲೆ ನಿಜಕ್ಕೂ ಸತ್ತವನಂತೆ ಕೂತಿದ್ದ. ಆಮೇಲೆ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. ಅಲ್ಲಿ ಧೂಳಿತ್ತು, ಅದಕ್ಕೂ ಇರಬಹುದು.

ಹೊರಡುವಾಗ ಅವನು ಫೋಟೋ ವಾಪಸು ಕೇಳಿದ. ಸೀರಿಯಲ್ ಮುಗಿಯುವವರೆಗೂ ಅದು ಗೋಡೆಯ ಮೇಲೇ ಇರಬೇಕು ಎಂದ ಕಿರಣ್. ಎಷ್ಟು ವರ್ಷ ನಡೆಯುತ್ತದೆ ಎಂದು ಇವನು ಕೇಳಿದ. ಜನ ನೋಡುವಷ್ಟು ದಿನ ಎಂದ ಅವನು. ಚಂದ್ರಣ್ಣ ಯೋಚನೆ ಮಾಡಿ, "ಹಾರ ಆವಾಗಾವಾಗ ಬದಲಾಯಿಸ್ತಾ ಇರಿ" ಎಂದ. ಮರುದಿನ ಬೆಳಿಗ್ಗೆ ನನ್ನ ಗೋಡೆಯ ಆಚೆಯಿಂದ ಟಿವಿ ಸದ್ದು ಬರಲಿಲ್ಲ. ಸ್ಪ್ಯಾನರ್ ಸದ್ದು ಬಂತು.

ನನ್ನ ವೃತ್ತಿಜೀವನದ ಬಗ್ಗೆ ಇನ್ನು ಹೇಳುವುದು ಹೆಚ್ಚೇನಿಲ್ಲ. ಅಂದೇ ಸಂಜೆ ಕಿರಣ್ ಜಯಳ ನಂಬರನ್ನು ಜಯಳಿಂದಲೇ ತೆಗೆದುಕೊಂಡ. ಬಸ್ಸಿನಲ್ಲಿ ಅವಳು, "ಸರೋಜಕ್ಕ, ನಿಮ್ಮ ಮೇಲೆ ಸಿಟ್ಟಿಲ್ಲ. ನೀವು ಕರ್ಕೊಂಡು ಹೋಗದೇ ಇದ್ರೆ ನಾನು ಅಲ್ಲಿಗೆ ಹೋಗ್ತಾನೇ ಇರ್ಲಿಲ್ಲ. ಆದ್ರೆ ಇನ್ನು ನನ್ನ ಪರವಾಗಿ ನೀವು ಬಾಯಿ ತೆರೀಬೇಡಿ" ಎಂದಳು. ನಾನು ತೆರೆಯಲಿಲ್ಲ. ಕಣ್ಣು ಇನ್ನೂ ಉರಿಯುತ್ತಿತ್ತು.

ಈಗ ಜಯ ತಾನೇ ಫೋನ್ ಎತ್ತುತ್ತಾಳೆ. ಕಥೆ ಪೂರ್ತಿ ಕೇಳುತ್ತಾಳೆ, ಏನು ಮಾಡುತ್ತೇನೆ, ಏನು ಮಾಡುವುದಿಲ್ಲ ಎಂದು ಮೊದಲೇ ಹೇಳುತ್ತಾಳೆ. ಅವರು "ಸರಿ ಮೇಡಂ" ಎನ್ನುತ್ತಾರೆ. ಇದು ಇಷ್ಟು ಸುಲಭದ ಕೆಲಸ ಎಂದು ಯಾರೂ ನನಗೆ ಹೇಳಿರಲಿಲ್ಲ.

ಹೋದ ವಾರ ಅವಳು ನನ್ನ ಬಾಗಿಲಿಗೆ ಬಂದಳು.

"ಸರೋಜಕ್ಕ, ನಾಳೆ ಬರ್ತೀರಾ? ಸಾವಿನ ಮನೇಲಿ ಜನ ಕೂತಿರೋ ಸೀನಿದೆ. ನಿಮಗೂ ಒಂದು ಜಾಗ ಮಾತಾಡಿದ್ದೀನಿ."

"ಏನು ಪಾತ್ರ?"

ನನ್ನ ಹಾಗೆ ಅರ್ಧ ಮುಚ್ಚಿಡುವ ಅಭ್ಯಾಸ ಅವಳಿಗಿಲ್ಲ. ಎಲ್ಲವನ್ನೂ ಬಾಗಿಲಲ್ಲೇ ಹೇಳಿದಳು. ಗೋಡೆಯ ಕಡೆ ತಿರುಗಿ ಕೂರಬೇಕು. ಮಾತಿಲ್ಲ. ಅಳು ಬರಲೇಬೇಕೆಂದಿಲ್ಲ. ಬೆನ್ನು ಮಾತ್ರ ಕಾಣಿಸುತ್ತದೆ, ಅದೂ ಸ್ವಲ್ಪ. ಡೈರೆಕ್ಟರ್ ಮೊದಲು ಬೇಡವೇ ಬೇಡ ಎಂದನಂತೆ, ಇವಳೇ ನನ್ನ ಬೆನ್ನಿನ ಪರವಾಗಿ ಬಹಳ ಹೊತ್ತು ವಾದ ಮಾಡಿ ಒಪ್ಪಿಸಿದಳಂತೆ.

"ಆಗುತ್ತಾ?" ಎಂದು ಕೇಳಿದಳು.

ನನ್ನನ್ನು ಯಾರಾದರೂ ಹಾಗೆ ಮೊದಲೇ ಕೇಳಿದ್ದು ಅದೇ ಮೊದಲು. ಡೇಟ್ಸ್ ನೋಡಿ ಹೇಳುತ್ತೇನೆ ಎಂದು ಬಾಗಿಲು ಹಾಕಿಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ಹೋಗಿ, ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದೆ.